ತಳಿ ರಸ್ತೆಯ ಕಿಡಿ

ಹೊಸೂರಿನಿಂದ ದಕ್ಷಿಣಕ್ಕೆ ಇಳಿಯುವ ತಳಿ ರಸ್ತೆಯಲ್ಲಿ ಹೋಗುವವರು ಸಾಮಾನ್ಯವಾಗಿ ನೋಡುವುದು ಗುಲಾಬಿಯ ಪಾಲಿಹೌಸುಗಳನ್ನು, ರಾಗಿ ಹೊಲಗಳನ್ನು, ದೂರದಲ್ಲಿ ಜವಳಗಿರಿಯ ಕಾಡಿನ ನೀಲಿ ಅಂಚನ್ನು. ಊರು ಬಿಟ್ಟ ಸ್ವಲ್ಪ ಹೊತ್ತಿಗೇ ಮತ್ತಿಗಿರಿ ಬರುತ್ತದೆ. ಅಲ್ಲಿನ ಜಾನುವಾರು ಫಾರಂ ಶುರುವಾದದ್ದು 1824ರಲ್ಲಿ. ಬೋರ್ಡುಗಳೆಲ್ಲ ತಮಿಳಿನಲ್ಲಿ, ಟೀ ಅಂಗಡಿಯ ಬೆಂಚಿನ ಮೇಲಿನ ಜಗಳ ತೆಲುಗಿನಲ್ಲಿ, ಮನೆಯೊಳಗಿನಿಂದ ಅಜ್ಜಿ ಕೂಗುವುದು ಕನ್ನಡದಲ್ಲಿ. ಮೂರೂ ಭಾಷೆಗಳು ಒಂದೇ ವಾಕ್ಯದೊಳಗೆ ಓಡಾಡುವ ಈ ಸೀಮೆ ನನಗೆ ಮೊದಲಿನಿಂದಲೂ ಪ್ರಿಯ. ಈ ಸಲ ನಾನು ಹೊರಟದ್ದು ಮಾತ್ರ ಗುಲಾಬಿಗೂ ಅಲ್ಲ, ಕಾಡಿಗೂ ಅಲ್ಲ. ತಳಿಯ ಆಚೆ, ಡೆಂಕಣಿಕೋಟೆಯ ಕಡೆಯ ಒಂದು ತೋಟದ ಮನೆಯಲ್ಲಿ, ವರ್ಷಗಳಿಂದ ನಿಂತುಹೋಗಿದ್ದ ಕ್ರಾಲರ್ ಟ್ರ್ಯಾಕ್ಟರಿನ ಮ್ಯಾಗ್ನೆಟೊ, ಅಂದರೆ ಕಿಡಿ ಹುಟ್ಟಿಸುವ ಪೆಟ್ಟಿಗೆ, ಬಿಚ್ಚುತ್ತಾರೆ ಎಂಬ ಸುದ್ದಿ ಬಂದಿತ್ತು.

ಹೊರಟ ಮೇಲೆ ಹೊಳೆಯಿತು, ಇದು ಮ್ಯಾಗ್ನೆಟೊಗಳದೇ ರಸ್ತೆ. ಇದೇ ದಾರಿಯ ಉಳಿವೀರನಪಳ್ಳಿಯಲ್ಲಿ ಇಂಡಿಯಾ ನಿಪ್ಪಾನ್ ಎಲೆಕ್ಟ್ರಿಕಲ್ಸ್ ಇದೆ. 1984ರಲ್ಲಿ ಜಪಾನಿನ ಕೊಕುಸಾನ್ ಡೆಂಕಿಯ ಸಹಯೋಗದಲ್ಲಿ ಹುಟ್ಟಿದ ಈ ಕಾರ್ಖಾನೆ ದ್ವಿಚಕ್ರ ವಾಹನಗಳಿಗೆ ಫ್ಲೈವೀಲ್ ಮ್ಯಾಗ್ನೆಟೊ ತಯಾರಿಸುತ್ತದೆ. ಇದೇ ರಸ್ತೆಯ ಬೆಳಗೊಂಡಪಳ್ಳಿಯಲ್ಲಿ ತನೇಜಾ ಏರೋಸ್ಪೇಸ್‌ನ ವಿಮಾನ ಓಡುದಾರಿ. 1990ರ ದಶಕದಲ್ಲಿ ಇಟಲಿಯ ಪಾರ್ಟೆನಾವಿಯಾ ವಿನ್ಯಾಸದ ಆರು ಸೀಟಿನ ವಿಮಾನಗಳನ್ನು ಅಲ್ಲಿ ಜೋಡಿಸಿದರು. ಅವುಗಳ ಒಂದೊಂದು ಎಂಜಿನ್ನಿಗೂ ಎರಡೆರಡು ಮ್ಯಾಗ್ನೆಟೊ, ಒಂದು ಕೈಕೊಟ್ಟರೂ ಇನ್ನೊಂದು ಆಕಾಶದಲ್ಲಿ ಕೈಹಿಡಿಯಲಿ ಎಂದು. ರಸ್ತೆಯುದ್ದಕ್ಕೂ ಎದುರಾಗುತ್ತಿದ್ದವು ಹಾಲಿನ ಕ್ಯಾನು, ಕೊತ್ತಂಬರಿ ಕಟ್ಟು, ಹುಲ್ಲಿನ ಹೊರೆ ಹೊತ್ತ ಮೊಪೆಡ್‌ಗಳು. 1980ರಲ್ಲಿ ಹೊಸೂರಿನಲ್ಲೇ ಹುಟ್ಟಿದ ಟಿವಿಎಸ್ 50ರ ವಂಶದವು. ಆ ಮೊದಲ ಮೊಪೆಡ್ಡಿನ ಕಿಡಿಯೂ ಬ್ಯಾಟರಿಯದಲ್ಲ, ತಿರುಗುವ ಅಯಸ್ಕಾಂತದ್ದು. ಪೆಡಲ್ ತುಳಿದ ಕಾಲಿನ ಬಲವೇ ಕರೆಂಟಾಗಿ ಪ್ಲಗ್ಗಿನ ತುದಿಗೆ ಬರುತ್ತಿತ್ತು. ಎಷ್ಟು ಸಾವಿರ ರೈತರು ಆ ಕಿಡಿಯನ್ನು ದಿನಾ ಬೆಳಿಗ್ಗೆ ಕಾಲಿನಿಂದಲೇ ಹುಟ್ಟಿಸಿದ್ದಾರೆ ಎಂದು ಯೋಚಿಸುತ್ತಾ ತಳಿ ದಾಟಿದೆ. ಬ್ರಿಟಿಷರು ಪುಟ್ಟ ಇಂಗ್ಲೆಂಡ್ ಎಂದು ಕರೆದ ಊರು. ಮಧ್ಯಾಹ್ನವೂ ಗಾಳಿ ತಣ್ಣಗಿತ್ತು.

ತೋಟದ ಹಿಂದಿನ ಶೀಟಿನ ಮಾಡಿನ ಕೆಳಗೆ ಅದು ನಿಂತಿತ್ತು. ಚಕ್ರಗಳಿಲ್ಲ. ಎರಡೂ ಪಕ್ಕದಲ್ಲಿ ಉಕ್ಕಿನ ಪಟ್ಟಿಗಳ ಸರಪಳಿ, ಮುಂದೆ ಅಗಲವಾದ ಅಲಗು, ಸೀಟಿನ ಮುಂದೆ ಸನ್ನೆಗಳ ಸಾಲು. ಹಳದಿ ಬಣ್ಣ ಅಲ್ಲಲ್ಲಿ ಮಾತ್ರ ಉಳಿದಿತ್ತು, ಕಂಪನಿಯ ಫಲಕದ ಅಕ್ಷರ ಪೂರ್ತಿ ಸವೆದಿತ್ತು. ಅಮೆರಿಕದ್ದು, ತಾತನ ಕಾಲದಲ್ಲಿ ಮದ್ರಾಸಿನ ಹರಾಜಿನಲ್ಲಿ ಕೊಂಡದ್ದು ಎಂದಷ್ಟೇ ಮನೆಯವರಿಗೆ ಗೊತ್ತು. ಎರಡನೇ ಮಹಾಯುದ್ಧ ಮುಗಿದಾಗ ಸೈನ್ಯ ಬಿಟ್ಟುಹೋದ ಇಂಥ ಯಂತ್ರಗಳು ಭಾರತದಲ್ಲಿ ರಾಶಿಬಿದ್ದಿದ್ದವು. 1947ರ ಹೊತ್ತಿಗೆ ಕೇಂದ್ರ ಟ್ರ್ಯಾಕ್ಟರ್ ಸಂಸ್ಥೆ ಹುಟ್ಟಿ, ಮಧ್ಯ ಭಾರತದಲ್ಲಿ ಆಳವಾಗಿ ಬೇರುಬಿಟ್ಟ ಕಾನ್ಸ್ ಹುಲ್ಲನ್ನು ಕಿತ್ತು ಹೊಲ ಮಾಡುವ ಕೆಲಸಕ್ಕೆ ಅವನ್ನು ಹಚ್ಚಿತು. 1949ರಲ್ಲಿ ವಿಶ್ವಬ್ಯಾಂಕ್ ಭಾರತಕ್ಕೆ ಇದೇ ಕೆಲಸದ ಯಂತ್ರಗಳಿಗಾಗಿ 1 ಕೋಟಿ ಡಾಲರ್ ಸಾಲ ಕೊಟ್ಟಿತು. ಉತ್ತು ತಿನ್ನುವ ನಾಡಿಗೆ ಆಗ ನೆಲ ಬೇಕಿತ್ತು, ನೆಲ ಬಿಡಿಸಲು ಸರಪಳಿ ಯಂತ್ರ ಬೇಕಿತ್ತು.

ಆ ಸರಪಳಿಯ ಕಥೆ ಕೆಸರಿನಲ್ಲಿ ಶುರುವಾದದ್ದು. ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಬಳಿ ಮೆತ್ತನೆಯ ಜೌಗು ಮಣ್ಣಿನಲ್ಲಿ ಉಗಿ ಟ್ರ್ಯಾಕ್ಟರಿನ ಚಕ್ರಗಳು ಹೂತುಹೋಗುತ್ತಿದ್ದವು. ಎಷ್ಟು ಅಗಲ ಮಾಡಿದರೂ ಸಾಲಲಿಲ್ಲ. 1904ರ ನವೆಂಬರ್ 24ರಂದು ಬೆಂಜಮಿನ್ ಹೋಲ್ಟ್ ಚಕ್ರಗಳನ್ನೇ ತೆಗೆದು ಮರದ ಪಟ್ಟಿಗಳ ಸರಪಳಿ ಹಾಕಿ ಓಡಿಸಿದರು. ಯಂತ್ರ ತನ್ನ ದಾರಿಯನ್ನು ತಾನೇ ಹಾಸಿಕೊಂಡು, ತಾನೇ ಎತ್ತಿಕೊಂಡು ಮುಂದೆ ಹೋಯಿತು. ಹೋಲ್ಟ್ ಕಂಪನಿಯೂ ಅದರ ಎದುರಾಳಿ ಬೆಸ್ಟ್ ಕಂಪನಿಯೂ 1925ರಲ್ಲಿ ಒಂದಾಗಿ ಕ್ಯಾಟರ್‌ಪಿಲ್ಲರ್ ಆದವು. 1931ರಲ್ಲಿ ಅವರ ಮೊದಲ ಡೀಸೆಲ್ ಕ್ರಾಲರ್ ಬಂತು. ನಮ್ಮ ಪಕ್ಕದ ಕೆಜಿಎಫ್‌ನಲ್ಲಿ ಬೆಮೆಲ್ ಕಟ್ಟುವ ಬುಲ್ಡೋಜರುಗಳೂ ಇದೇ ಕುಲದವು.

ಮಾಡಿನ ಕೆಳಗೆ ನಿಂತಿದ್ದದ್ದೂ ಡೀಸೆಲ್ ಯಂತ್ರವೇ. ಡೀಸೆಲ್ಲಿಗೆ ಕಿಡಿ ಬೇಕಿಲ್ಲವಲ್ಲ, ಮತ್ತೆ ಮ್ಯಾಗ್ನೆಟೊ ಏಕೆ? ನಾನು ಕೇಳುವ ಮೊದಲೇ, ಅದನ್ನು ಬಿಚ್ಚಲು ಬಂದಿದ್ದ ಮೆಕ್ಯಾನಿಕ್ ಎಂಜಿನ್ನಿನ ಪಕ್ಕೆಗೆ ಬೆರಳು ತೋರಿಸಿದರು. ದೊಡ್ಡ ಎಂಜಿನ್ನಿಗೆ ಒತ್ತಿಕೊಂಡು, ಎರಡು ಸಿಲಿಂಡರಿನ ಪುಟ್ಟ ಪೆಟ್ರೋಲ್ ಎಂಜಿನ್ ಕೂತಿತ್ತು. ಇಂಗ್ಲಿಷಿನವರು ಪೋನಿ ಎನ್ನುವ ಅದಕ್ಕೆ ಅವರು ಹೇಳಿದ್ದು ‘ಮರಿ ಇಂಜಿನ್’.

“ದೊಡ್ಡದನ್ನ ಕೈಲಿ ತಿರುಗ್ಸಕ್ಕೆ ಯಾರ ಕೈಲೂ ಆಗಲ್ಲ ಸಾರ್. ಮೊದಲು ಹಗ್ಗ ಎಳೆದು ಮರೀನ ಎಬ್ಬಿಸ್ಬೇಕು. ಮರಿ ತಾಯೀನ ಎಬ್ಬಿಸ್ತೈತೆ.”

ಎಬ್ಬಿಸುವ ರೀತಿ ಕೇಳಿ ನಾನು ಬೆರಗಾದೆ. ಎರಡೂ ಎಂಜಿನ್ನುಗಳಲ್ಲಿ ಓಡುವುದು ಒಂದೇ ನೀರು. ಮರಿ ಬಿಸಿಯಾದಂತೆ ದೊಡ್ಡದರ ಮೈಯೂ ಬೆಚ್ಚಗಾಗುತ್ತದೆ. ಮರಿಯ ಹೊಗೆ ಕೊಳವೆ ದೊಡ್ಡದರ ಗಾಳಿ ಒಳಹೋಗುವ ಕೊಳವೆಯನ್ನು ತಾಗಿ ಹಾಯುತ್ತದೆ, ಉಸಿರಾಡುವ ಗಾಳಿಯೂ ಬಿಸಿಯಾಗಲಿ ಎಂದು. ಚಳಿಗಾಲದಲ್ಲಿ ಹಿಮ ಬೀಳುವ ನಾಡಿನವರು ಬ್ಯಾಟರಿಯನ್ನು ನಂಬದೆ ಕಟ್ಟಿಕೊಂಡ ಉಪಾಯ ಇದು. ಆ ಮರಿ ಎದ್ದರೆ ಎಲ್ಲವೂ ಎದ್ದಂತೆ. ಮರಿ ಏಳಬೇಕಾದರೆ ಕಿಡಿ ಬೇಕು. ವರ್ಷಗಳಿಂದ ಇಲ್ಲದೆ ಹೋದದ್ದು ಅದೊಂದೇ.

ಮೆಕ್ಯಾನಿಕ್ಕರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಊರಿನವರು ಯಜಮಾನ್ರು ಎನ್ನುತ್ತಿದ್ದರು. ಜೊತೆಗೆ ಮೊಮ್ಮಗ, ಐಟಿಐ ಓದುವ ಹುಡುಗ. ಎರಡು ಬೋಲ್ಟು ಸಡಿಲಿಸಿ ಮ್ಯಾಗ್ನೆಟೊವನ್ನು ಹೊರಗೆ ತಂದು, ಹಳೇ ಪಂಚೆ ಹಾಸಿದ ಹಲಗೆಯ ಮೇಲಿಟ್ಟರು. ಎರಡು ಅಂಗೈಯಲ್ಲಿ ಹಿಡಿಯಬಹುದಾದ ಲೋಹದ ಪೆಟ್ಟಿಗೆ, ಹಿಂದೊಂದು ಶಾಫ್ಟು, ಮೇಲೆ ಎರಡು ಪ್ಲಗ್ ವೈರು. ಒಳಗೆ ಹೊರಗಿನಿಂದ ಏನೂ ಬರುವುದಿಲ್ಲ. ಬ್ಯಾಟರಿಯ ತಂತಿ ಇಲ್ಲ, ಡೈನಮೊ ಇಲ್ಲ. ಶಾಫ್ಟು ತಿರುಗುತ್ತದೆ, ಬೆಂಕಿ ಹೊರಗೆ ಬರುತ್ತದೆ.

ಮುಚ್ಚಳ ತೆಗೆದು ಅವರು ಒಂದೊಂದೇ ತೋರಿಸುತ್ತಾ ಹೋದರು. ನಡುವೆ ತಿರುಗುವ ಅಯಸ್ಕಾಂತದ ರೋಟರ್. ಅದರ ಸುತ್ತ ತೆಳು ಕಬ್ಬಿಣದ ತಗಡುಗಳನ್ನು ಪೇರಿಸಿ ಮಾಡಿದ ಕಮಾನು, ಕಮಾನಿನ ಮೇಲೆ ಕಾಯಿಲು. ಕಾಯಿಲಿನಲ್ಲಿ ಎರಡು ಸುತ್ತು. ಕೆಳಗೆ ದಪ್ಪ ತಂತಿಯ ಕೆಲವು ನೂರು ಸುತ್ತು, ಅದರ ಮೇಲೆ ಬರಿಗಣ್ಣಿಗೆ ಕಷ್ಟಪಟ್ಟು ಕಾಣುವಷ್ಟು ತೆಳು ತಂತಿಯ ಸಾವಿರಾರು ಸುತ್ತು. ಅಯಸ್ಕಾಂತ ತಿರುಗಿದಾಗ ದಪ್ಪ ತಂತಿಯಲ್ಲಿ ಕರೆಂಟು ಹರಿಯುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ಕಂಡುಕೊಂಡದ್ದು ಇಷ್ಟನ್ನೇ. ಆ ಕರೆಂಟು ಉಕ್ಕಿ ನಿಂತ ಕ್ಷಣಕ್ಕೆ ಸರಿಯಾಗಿ, ದಪ್ಪ ತಂತಿಯ ದಾರಿಯನ್ನು ಕೂಡಿಸಿ ಬಿಡಿಸುವ ಪಾಯಿಂಟುಗಳು ಬಾಯಿ ಬಿಡಬೇಕು. ಹರಿವು ಥಟ್ಟನೆ ಕಡಿದುಬಿದ್ದಾಗ, ಆ ಕುಸಿತದಿಂದಲೇ ತೆಳು ತಂತಿಯಲ್ಲಿ 15ರಿಂದ 20 ಸಾವಿರ ವೋಲ್ಟ್ ಏಳುತ್ತದೆ. ಕಿಡಿ ಹುಟ್ಟುವುದು ಕರೆಂಟು ಹರಿಯುವಾಗ ಅಲ್ಲ, ಅದು ನಿಂತಾಗ. ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದ ಈ ಮಾತು, ಆ ಹಲಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಾಗ ಮೈಗೆ ಹತ್ತಿತು.

ರೋಟರನ್ನು ಹೊರಗೆಳೆಯುವ ಮೊದಲು ಯಜಮಾನರು ಹುಡುಗನ ಕೈಗೆ ಮೆದು ಕಬ್ಬಿಣದ ತುಂಡೊಂದನ್ನು ಕೊಟ್ಟರು. “ಈಚೆ ಬಂದ ತಕ್ಷಣ ಅಂಟಿಸ್ಬಿಡು. ಬರೀ ಮೈಲಿ ಬಿಟ್ರೆ ಶಕ್ತಿ ಹೋಯ್ತದೆ.” ಅಯಸ್ಕಾಂತದ ಎರಡು ಧ್ರುವಗಳ ನಡುವೆ ಕಬ್ಬಿಣದ ದಾರಿ ಇರದಿದ್ದರೆ ಹಳೆಯ ಮಿಶ್ರಲೋಹದ ಅಯಸ್ಕಾಂತಗಳು ಸೊರಗುತ್ತವೆ ಎಂಬುದನ್ನು ಅವರು ಯಾವ ಕಾಲೇಜಿನಲ್ಲೂ ಕಲಿತವರಲ್ಲ. ಹೊಸೂರಿನ ಗ್ಯಾರೇಜುಗಳಲ್ಲಿ ಮೊಪೆಡ್ಡಿನ ಮ್ಯಾಗ್ನೆಟ್ ಬಿಚ್ಚುತ್ತಾ ಬೆಳೆದ ಕೈ ಅದು. ಆ ಕೈಗೆ ನಮ್ಮ ವಿಶ್ವವಿದ್ಯಾಲಯಗಳು ಕೊಡಬೇಕಾದ ಗೌರವ ಇನ್ನೂ ಬಾಕಿ ಇದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ರೋಗ ಮೂರು ಕಡೆ ಇತ್ತು. ಪಾಯಿಂಟುಗಳ ಮೇಲೆ ಬೂದು ಬಣ್ಣದ ಕಿಟ್ಟ. ಸಣ್ಣ ಅರದಿಂದ ಎರಡೇ ಸಲ ಎಳೆದು, ಪೆಟ್ರೋಲಿನಲ್ಲಿ ಅದ್ದಿದ ಕಾಗದದ ಚೂರನ್ನು ನಡುವೆ ತೂರಿಸಿ ಒರೆಸಿದರು. ಆಮೇಲೆ ಫೀಲರ್ ಗೇಜ್ ಇಟ್ಟು ಹದಿನೈದು ಥೌ, ಅಂದರೆ ಇಂಚಿನ ಸಾವಿರದಲ್ಲಿ 15 ಪಾಲು ಸಂದು ಕೂರಿಸಿದರು. ಎರಡನೆಯದು ಕಂಡೆನ್ಸರ್. ಪಾಯಿಂಟು ತೆರೆಯುವಾಗ ಅಲ್ಲೇ ಕಿಡಿ ಹಾರಿ ಶಕ್ತಿ ಸೋರಿಹೋಗದಂತೆ ತಡೆಯುವ ಪುಟ್ಟ ಡಬ್ಬಿ ಅದು. ಸತ್ತುಹೋಗಿತ್ತು. ಅದರದೇ ಬದಲಿ ಸಿಗುವ ಕಾಲ ಇದಲ್ಲ. ಅವರು ಹಳೆಯ ಪೆಟ್ರೋಲ್ ಜೀಪಿನ ಡಿಸ್ಟ್ರಿಬ್ಯೂಟರಿನಿಂದ ತೆಗೆದಿಟ್ಟಿದ್ದ ಕಂಡೆನ್ಸರನ್ನು ಜೇಬಿನಿಂದ ತೆಗೆದು, ಬ್ರಾಕೆಟ್ ಬಗ್ಗಿಸಿ, ಹೊರಗಡೆಯೇ ಸ್ಕ್ರೂ ಹಾಕಿ ಬಿಗಿದರು.

ಮೂರನೆಯದರ ಮೇಲೆಯೇ ನನಗೆ ಮೋಹ. ಮ್ಯಾಗ್ನೆಟೊಗೆ ಒಂದು ಸಹಜ ಕೊರತೆಯಿದೆ. ಅದು ವೇಗವಾಗಿ ತಿರುಗಿದರೆ ಮಾತ್ರ ಕಿಡಿ ಜೋರು. ಆದರೆ ಹಗ್ಗ ಎಳೆದು ಎಂಜಿನ್ ಶುರುಮಾಡುವಾಗ ಎಲ್ಲವೂ ನಿಧಾನ. ಕಿಡಿ ಅತ್ಯಂತ ಅಗತ್ಯವಿರುವಾಗಲೇ ಅದು ಅತ್ಯಂತ ಬಡವಾಗಿರುತ್ತದೆ. ಇದಕ್ಕೆ ಯಾರೋ ಮಹಾನುಭಾವರು ಹುಡುಕಿದ ಪರಿಹಾರ ಇಂಪಲ್ಸ್ ಕಪ್ಲಿಂಗ್. ಎಂಜಿನ್ ತಿರುಗಿದರೂ ಒಂದು ಕೊಕ್ಕೆ ರೋಟರನ್ನು ಹಿಡಿದು ನಿಲ್ಲಿಸುತ್ತದೆ. ನಡುವಿನ ಸ್ಪ್ರಿಂಗು ಹೆದೆಯೇರಿಸಿದ ಬಿಲ್ಲಿನಂತೆ ಬಿಗಿಯುತ್ತದೆ. ಪಿಸ್ಟನ್ ಮೇಲೆ ಮುಟ್ಟುವ ಹೊತ್ತಿಗೆ ಕೊಕ್ಕೆ ಕಳಚಿ, ‘ಟಕ್’ ಎಂದು ರೋಟರ್ ಮಿಂಚಿನ ವೇಗದಲ್ಲಿ ಹಾರುತ್ತದೆ. ಕೈ ನಿಧಾನ, ಕಿಡಿ ಜೋರು. ಎಂಜಿನ್ ಓಡತೊಡಗಿದ ಮೇಲೆ ಕೊಕ್ಕೆಗಳು ತಿರುಗುವ ರಭಸಕ್ಕೇ ಹೊರಕ್ಕೆ ಸರಿದು ಸುಮ್ಮನಾಗುತ್ತವೆ. ಈ ಯಂತ್ರದಲ್ಲಿ ಹಳೆಯ ಗ್ರೀಸು ಗಟ್ಟಿಯಾಗಿ ಕೊಕ್ಕೆ ಅಲುಗಾಡುತ್ತಿರಲಿಲ್ಲ. ಸೀಮೆಎಣ್ಣೆಯಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಒಣಗಿಸಿ ಜೋಡಿಸಿದರು. ಕೈಯಲ್ಲಿ ಶಾಫ್ಟು ತಿರುಗಿಸಿದಾಗ ‘ಟಕ್’ ಎಂದಿತು. ಹುಡುಗ ಮತ್ತೆ ಮತ್ತೆ ತಿರುಗಿಸಿದ, ನಾನೂ ತಿರುಗಿಸಿದೆ. ಪ್ಲಗ್ ವೈರಿನ ತುದಿಯಿಂದ ಮ್ಯಾಗ್ನೆಟೊದ ಮೈಗೆ ನೀಲಿ ಕಿಡಿ ಪಟಪಟ ಹಾರಿತು.

1887ರಲ್ಲಿ ರಾಬರ್ಟ್ ಬಾಷ್ ಮೊದಲ ಮ್ಯಾಗ್ನೆಟೊ ಕಟ್ಟಿದ್ದು ಒಂದೆಡೆ ನಿಂತು ಓಡುವ ಎಂಜಿನ್ನಿಗೆ. 1902ರಲ್ಲಿ ಅವರ ಇಂಜಿನಿಯರ್ ಗಾಟ್ಲೋಬ್ ಹೊನೊಲ್ಡ್ ಅದನ್ನು ಸ್ಪಾರ್ಕ್ ಪ್ಲಗ್ಗಿಗೆ ಕೂಡಿಸಿ ಹೈ ವೋಲ್ಟೇಜ್ ಮಾಡಿದರು. ರೈಟ್ ಸಹೋದರರ 1903ರ ವಿಮಾನದ ಕಿಡಿಯೂ ಮ್ಯಾಗ್ನೆಟೊದ್ದೇ. 1918ರಲ್ಲಿ ಹೊನೊಲ್ಡ್ ಬರೆದ ಬಾಷ್ ಲಾಂಛನ, ಆ ವೃತ್ತದೊಳಗಿನ ಆಕೃತಿ, ಮ್ಯಾಗ್ನೆಟೊದ ಆರ್ಮೇಚರನ್ನು ಅಡ್ಡ ಕತ್ತರಿಸಿದ ಚಿತ್ರ. 1951ರಲ್ಲಿ ಬಾಷ್ ನಂಟಿನ ಮೈಕೋ ಬೆಂಗಳೂರಿನಲ್ಲಿ ಹುಟ್ಟಿತು, ಆಡುಗೋಡಿಯ ದಾರಿಯಲ್ಲಿ ನಾವೆಲ್ಲ ಅದರ ಗೋಡೆಯ ಪಕ್ಕದಲ್ಲೇ ಓಡಾಡಿದವರು. ದಿನವೂ ಕಂಡ ಆ ಗುರುತಿನ ಒಳಗಿನ ವಸ್ತುವನ್ನು ನಾನು ಮೊದಲ ಬಾರಿ ಬೆರಳಿನಲ್ಲಿ ಮುಟ್ಟಿದ್ದು ಡೆಂಕಣಿಕೋಟೆಯ ಕಡೆಯ ಈ ಮಾಡಿನ ಕೆಳಗೆ.

ಮ್ಯಾಗ್ನೆಟೊವನ್ನು ವಾಪಸ್ಸು ಕೂರಿಸುವುದು ತಾಳ್ಮೆಯ ಕೆಲಸ. ಹುಡುಗ ಪ್ಲಗ್ ತೆಗೆದ ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದ. ಯಜಮಾನರು ಫ್ಲೈವೀಲ್ ತಿರುಗಿಸಿದರು. ಒಳಗಿನ ಗಾಳಿ ಬೆರಳನ್ನು ಮೇಲೆ ತಳ್ಳಿದಾಗ ಹುಡುಗ “ಬಂತು ತಾತ” ಎಂದ. ಗುರುತಿಗೆ ಗುರುತು ಕೂಡಿಸಿ, ‘ಟಕ್’ ಎಂಬ ಸದ್ದು ಸರಿಯಾಗಿ ಅಲ್ಲೇ ಬರುವಂತೆ ಹಲ್ಲು ಹೊಂದಿಸಿ ಬೋಲ್ಟು ಬಿಗಿದರು. ಪೆಟ್ರೋಲ್ ಕಾಕ್ ತೆರೆದು, ಚೋಕ್ ಎಳೆದು, ಫ್ಲೈವೀಲಿಗೆ ಹಗ್ಗ ಸುತ್ತಿ ಎಳೆದರು. ಬರೀ ಕೆಮ್ಮು. ಇನ್ನೊಮ್ಮೆ ಎಳೆದಾಗ ಬಿಳಿ ಹೊಗೆ. ಆಮೇಲೆ ಹಗ್ಗ ಹುಡುಗನ ಕೈಗೆ ಹೋಯಿತು. ಮೈಯ ತೂಕವನ್ನೆಲ್ಲ ಹಾಕಿ ಎಳೆದ. ಮರಿ ಎಂಜಿನ್ ಎದ್ದು ಕಿರುಚಿತು. ಮನೆಯ ಹೆಂಗಸರು ಅಡುಗೆಮನೆ ಬಿಟ್ಟು ಹೊರಗೆ ಬಂದರು.

ನೀರು ಬಿಸಿಯಾಗುವವರೆಗೆ ಕಾದೆವು. ಯಜಮಾನರು ದೊಡ್ಡ ಎಂಜಿನ್ನಿನ ಕಂಪ್ರೆಶನ್ ಬಿಡಿಸುವ ಸನ್ನೆ ಎಳೆದು, ಮರಿಯ ಹಲ್ಲುಗಾಲಿಯನ್ನು ಕೊಟ್ಟು, ಕ್ಲಚ್ ಬಿಟ್ಟರು. ದೊಡ್ಡದು ಭಾರವಾಗಿ ಹೊರಳಿತು. ಎಣ್ಣೆ ಎಲ್ಲ ಕಡೆ ಏರಿದ ಮೇಲೆ ಕಂಪ್ರೆಶನ್ ಕೊಟ್ಟು ಡೀಸೆಲ್ ಬಿಟ್ಟರು. ಕಪ್ಪು ಹೊಗೆ ಶೀಟಿಗೆ ಬಡಿಯಿತು, ಕಾಲಡಿಯ ನೆಲ ನಡುಗಿತು.

ಮರಿಯನ್ನು ನಿಲ್ಲಿಸುವಾಗ ಹುಡುಗ ಒಂದು ತಂತಿಯನ್ನು ಎಂಜಿನ್ನಿನ ಮೈಗೆ ಒತ್ತಿದ. ಕಾರಿನಲ್ಲಿ ತಂತಿ ಕಿತ್ತರೆ ಎಂಜಿನ್ ನಿಲ್ಲುತ್ತದೆ. ಇಲ್ಲಿ ಕಿತ್ತರೆ ಓಡುತ್ತಲೇ ಇರುತ್ತದೆ, ಮೈಗೆ ತಾಗಿಸಿದರೆ ಮಾತ್ರ ನಿಲ್ಲುತ್ತದೆ. ಯಾರಿಂದಲೂ ಏನನ್ನೂ ಪಡೆಯದ ಕಿಡಿಯನ್ನು ಆರಿಸಲು ಬೇರೆ ದಾರಿಯೇ ಇಲ್ಲ.

ಮಾಲೀಕರು ಸೀಟು ಹತ್ತಿ ಸನ್ನೆ ಎಳೆದರು. ಎಡ ಸರಪಳಿ ನಿಂತು ಬಲದ್ದು ನಡೆಯಿತು. ಯಂತ್ರ ನಿಂತಲ್ಲೇ ತಿರುಗಿ, ಮಾವಿನ ಸಸಿ ಹಾಕಲು ಇಟ್ಟ ಏರುತಗ್ಗಿನ ಹೊಲದ ಕಡೆ ಹೊರಟಿತು. ಅಲಗಿನ ಮುಂದೆ ಕೆಮ್ಮಣ್ಣು ಮಡಿಚಿಕೊಂಡು ಉರುಳತೊಡಗಿತು. ಯಜಮಾನರು ಸದ್ದಿನ ಮೇಲೆ ಕೂಗಿ ಮೊಮ್ಮಗನಿಗೆ ಹೇಳುತ್ತಿದ್ದರು: ಮಳೆಗೆ ಮುಂಚೆ ಇನ್ನೊಂದು ಕಂಡೆನ್ಸರ್ ತಂದಿಡಬೇಕು, ಜೀಪಿಂದು ಸಿಗಲಿಲ್ಲ ಅಂದ್ರೆ ಕೃಷ್ಣಗಿರಿ ಗುಜರಿಯಲ್ಲಿ ಅಂಬಾಸಡರ್‌ದು ಕೇಳು, ಬ್ರಾಕೆಟ್ ನಾನು ಮಾಡ್ಕೊಡ್ತೀನಿ.