ಎರೆಯ ಹಕ್ಕಿಯೂ ಗಾಳಿಯ ಯಂತ್ರವೂ

ಹುನಗುಂದದ ಸೀಮೆಯು ಎರೆಯ ಸೀಮೆ. ಮರಗಳು ವಿರಳ, ಕಣ್ಣು ಹರಿಯುವವರೆಗೂ ಬಿಳಿಜೋಳ, ಕಡಲೆ, ಕುಸುಬೆ. ಗಾಳಿಗೆ ಇಲ್ಲಿ ತಡೆಯೆಂಬುದಿಲ್ಲ. ಅಮರಕೋಶವು ಗಾಳಿಯನ್ನು ಸದಾಗತಿಯೆಂದು ಏಕೆ ಕರೆಯಿತೆಂಬುದನ್ನು ಆಷಾಢದಲ್ಲಿ ಈ ಹೊಲಗಳ ನಡುವೆ ನಿಂತವನು ಯಾವ ಟೀಕೆಯ ನೆರವೂ ಇಲ್ಲದೆ ತಿಳಿಯುವನು. ಆ ಗಾಳಿಯಿಂದ ವಿದ್ಯುತ್ತನ್ನು ಪಡೆಯುವ ಯಂತ್ರಗಳು ಗದಗ, ಕೊಪ್ಪಳ, ಬಾಗಲಕೋಟೆ ಜಿಲ್ಲೆಗಳ ಬಯಲುಗಳಲ್ಲಿ ಎದ್ದು ನಿಂತಿವೆ. ಹಳ್ಳಿಗರು ಇವನ್ನು ಫ್ಯಾನುಗಳೆನ್ನುವರು. ಕಲ್ಲಿದ್ದಲ ಹೊಗೆಯಿಲ್ಲದ ಈ ವಿದ್ಯುತ್ತು ಬೇಡವೆನ್ನುವುದು ಅವಿವೇಕವೇ ಸರಿ. ಆದರೆ ಅದೇ ಗಾಳಿಯನ್ನು ನಂಬಿ ಬಾಳುವ ಬೇರೊಂದು ಕುಲವೂ ಉಂಟು.

ಚಳಿಗಾಲಕ್ಕೆ ಮಧ್ಯ ಏಷ್ಯದ ಹುಲ್ಲುಗಾವಲುಗಳಿಂದ ಸೆಳೆವವೆಂಬ ಗಿಡುಗಗಳು ದಖ್ಖನ್ನಿನ ಬಯಲಿಗೆ ಬರುತ್ತವೆ. ಪೈರಿನ ಮೇಲೆ ತಗ್ಗಾಗಿ ತೇಲುತ್ತ, ಮಿಡತೆಗಳನ್ನೂ ಇಲಿಗಳನ್ನೂ ಹಿಡಿಯುತ್ತ, ಒಕ್ಕಲಿಗನಿಗೆ ಕೂಲಿ ಕೇಳದ ಆಳುಗಳಾಗುತ್ತವೆ. ಎರೆಯನ್ನು ಹೆಸರಿನಲ್ಲಿಯೇ ಹೊತ್ತ ಎರೆಭೂತನ ಪಾಡಂತೂ ಹೇಳತೀರದು. ರಾಣೆಬೆನ್ನೂರಿನ ಕಡೆಯೂ ಒಮ್ಮೆ ಕಾಣುತ್ತಿದ್ದ ಈ ಹಕ್ಕಿಯು ಕರ್ನಾಟಕದಲ್ಲಿ ಇಂದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತ ಬೆರಳೆಣಿಕೆಗೆ ಇಳಿದಿದೆ. ಗಂಡು 15 ಕಿಲೋಗ್ರಾಮಿನವರೆಗೆ ತೂಗುತ್ತದೆ. ಹೆಣ್ಣು ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ. ಕಣ್ಣುಗಳು ತಲೆಯ ಪಕ್ಕಗಳಲ್ಲಿರುವುದರಿಂದ ಎದುರಿನ ತಂತಿಯು ಚೆನ್ನಾಗಿ ಕಾಣದು. ಕಂಡಾಗ ಭಾರವಾದ ಮೈಯನ್ನು ತಿರುಗಿಸಲು ಹೊತ್ತಿರದು. ಯಂತ್ರವನ್ನು ಹಿಂಬಾಲಿಸಿ ತಂತಿಯೂ ಬರುವುದಷ್ಟೆ. ಅದನ್ನು ರಾಜಸ್ಥಾನ, ಗುಜರಾತಿನ ಎರೆಭೂತನ ನೆಲೆಗಳಲ್ಲಿ ನೆಲದಡಿಗೆ ಹೂಳಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ವಿಧಿಸಿತು. 2024ರಲ್ಲಿ ಆ ಆಜ್ಞೆಯನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು.

ಬಡಿದು ಸಾಯುವುದೊಂದೇ ಹಾನಿಯಲ್ಲ. ಸಾತಾರಾ ಜಿಲ್ಲೆಯ ಚಾಳಕೇವಾಡಿಯ ಪ್ರಸ್ಥಭೂಮಿಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಶೋಧನೆಯಂತೆ, ಯಂತ್ರಗಳಿಲ್ಲದೆಡೆಗೆ ಹೋಲಿಸಿದರೆ ಅವುಗಳಿರುವೆಡೆ ಬೇಟೆಹಕ್ಕಿಗಳು ಸುಮಾರು ನಾಲ್ಕನೆಯ ಒಂದು ಪಾಲು ಮಾತ್ರ. ಅವುಗಳಿಗೆ ಆಹಾರವಾಗಬೇಕಾದ ಓತಿಗಳು ಹೆಚ್ಚು. ಸತ್ತು ಬಿದ್ದ ಹಕ್ಕಿಯು ಎಣಿಕೆಗೆ ಸಿಕ್ಕೀತು. ಬಾರದೆಯೇ ಹೋದುದನ್ನು ಎಣಿಸುವರಾರು?

2006ರ ಪರಿಸರ ಪರಿಣಾಮದ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿವಿದ್ಯುತ್ತಿನ ಹೆಸರೇ ಇಲ್ಲ. ಆದುದರಿಂದ ಅಣೆಕಟ್ಟಿಗೂ ಗಣಿಗೂ ಇರುವ ಪೂರ್ವಪರೀಕ್ಷೆ ಇದಕ್ಕೆ ತಗಲದು. ಹೊಗೆಯಿಲ್ಲವೆಂಬ ಒಂದು ಗುಣಕ್ಕೆ ಸಕಲ ದೋಷಗಳ ಕ್ಷಮೆ ದೊರೆತಂತಾಗಿದೆ. ಸೆಳೆವಗಳು ರಾತ್ರಿ ತಂಗುವುದು ಮರದ ಮೇಲಲ್ಲ, ಹುಲ್ಲಿನ ನಡುವೆ ನೆಲದ ಮೇಲೆ, ಗುಂಪಾಗಿ. ಒಂದು ಚಳಿಗಾಲ ಅವು ಸಂಜೆ ಎಲ್ಲಿ ಇಳಿಯುವವೆಂದು ನೋಡಿ ಬರೆದಿಟ್ಟು, ಯಂತ್ರದ ಸ್ಥಳವನ್ನು ಒಂದೆರಡು ಮೈಲಿ ಸರಿಸುವುದು ಅಸಾಧ್ಯವೇನಲ್ಲ. ಕುರಿ ಕಾಯುವವರನ್ನು ವಿಚಾರಿಸಿದರೂ ಅರ್ಧ ತಿಳಿದೀತು.