ಮೂರನೇ ನಂಬರ್

ಬೆಂಗಳೂರಿನ ಬನಶಂಕರಿಯ ಒಂದು ಪಿಜಿ, ರಾತ್ರಿ ಎರಡೂಕಾಲು. ಒಳಗೆ ಬನ್ನಿ, ಲೈಟ್ ಹಾಕಬೇಡಿ. ಕಾಲ ಬಳಿ ನೋಡಿಕೊಳ್ಳಿ, ಮಧ್ಯಾಹ್ನದ ತಟ್ಟೆ ಅಲ್ಲೇ ಇದೆ, ಅನ್ನ ಒಣಗಿದೆ. ಹಾವೇರಿ ಕಡೆಯ ಹುಡುಗ, ಎಂಜಿನಿಯರಿಂಗ್ ಮೂರನೇ ಸೆಮಿಸ್ಟರ್. ಚಾರ್ಜರಿಗೆ ಸಿಕ್ಕಿಸಿದ ಫೋನು ಕೈಯಲ್ಲಿ ಕಾಯುತ್ತಿದೆ. ಬಿಜಿಎಂಐ ಆಟ. ನೂರು ಮಂದಿ ವಿಮಾನದಿಂದ ಧುಮುಕಿ ಆಯಿತು, ವಲಯ ಕುಗ್ಗುತ್ತಿದೆ.

‘ಏ ಮೂರನೇ ನಂಬರ್, ಕವರ್ ಕೊಡಲೇ!’

ಅಷ್ಟರಲ್ಲಿ ಇವನೇ ಗುಂಡು ತಿಂದು ನಾಕ್. ತಂಡದ ಮೂರನೇ ನಂಬರ್ ಮಾತಾಡುವುದಿಲ್ಲ. ಹೊಗೆ ಬಾಂಬ್ ಎಸೆದು, ಅದರ ಮರೆಯಲ್ಲಿ ಬಂದು ರಿವೈವ್ ಮಾಡುತ್ತದೆ. ಇವತ್ತು ಇವನತ್ತ ಓಡಿಬಂದ ಮೊದಲ ಜೀವ ಅದು.

ಒಂಬತ್ತಕ್ಕೆ ಅವ್ವನ ಫೋನ್ ಬಂದಿತ್ತು. ‘ಊಟಾ ಆತೇನಪಾ?’ ‘ಆತವ್ವಾ.’ ಹಿಂದಿನಿಂದ ಅಪ್ಪನ ದನಿ: ‘ಆ ಮೊಬೈಲ್ ಕಸ್ಗೊಂಡ್ರ ಎಲ್ಲಾ ಸರಿ ಹೋಗತೈತಿ.’

ಹೋಗುತ್ತದೆಯೇ? ಪಬ್‌ಜಿಯನ್ನು 2020ರ ಸೆಪ್ಟೆಂಬರಿನಲ್ಲಿ ಸರಕಾರವೇ ಕಸಿದುಕೊಂಡಿತ್ತು. ಮರುವರ್ಷ ಅದು ಬಿಜಿಎಂಐ ಆಗಿ ಮರಳಿತು. ಈ ಹುಡುಗನಿಗೆ ಆಟಕ್ಕಿಂತ ಮೊದಲೇ ನಿದ್ದೆ ಹೋಗಿತ್ತು, ಹಸಿವು ಹೋಗಿತ್ತು. ಕ್ಲಾಸಿಗೆ ಹೋಗುವುದು ನಿಂತ ಮೇಲೆ ಆಟ ಬಂತು. ಆಮೇಲೆ ಖಿನ್ನತೆ ಆಟವನ್ನು, ಆಟ ಖಿನ್ನತೆಯನ್ನು ಬೆಳೆಸಿತು.

ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಗೇಮಿಂಗ್ ಕಾಯಿಲೆ 2022ರಿಂದ ಜಾರಿಯಲ್ಲಿದೆ: ಆಟದ ಮೇಲೆ ಹಿಡಿತ ತಪ್ಪುವುದು, ಉಳಿದದ್ದೆಲ್ಲ ಹಿಂದೆ ಸರಿಯುವುದು, ಕೆಡುಕು ಕಂಡರೂ ಬಿಡಲಾಗದಿರುವುದು, ಸಾಮಾನ್ಯವಾಗಿ ವರ್ಷದಷ್ಟು ಕಾಲ. ಎಷ್ಟು ತಾಸು ಆಡುತ್ತಾನೆ ಎಂಬುದೊಂದೇ ಅಳತೆಯಲ್ಲ. ಇದೇ ಊರಿನ ನಿಮ್ಹಾನ್ಸ್‌ನಲ್ಲಿ ಇಂಥ ತೊಡಕುಗಳಿಗೆಂದೇ 2014ರಿಂದ ‘ಶಟ್’ ಕ್ಲಿನಿಕ್ ಇದೆ. ಇಂದಲ್ಲ ನಾಳೆ ಅಪ್ಪ ಇವನನ್ನು ಅಲ್ಲಿಗೆ ಎಳೆದುಕೊಂಡು ಹೋಗಬಹುದು. ಬೈಯುತ್ತಲೇ ಒಯ್ದರೂ ಒಳ್ಳೆಯದೇ.

ಈಗ ಮೈಸೂರಿಗೆ ಬನ್ನಿ, ಹುಡುಗಿಯರ ಹಾಸ್ಟೆಲಿಗೆ. ಹೊದಿಕೆಯೊಳಗೆ ಬೆಳಕು ಕಾಣುತ್ತಿದೆಯಲ್ಲ, ಅದೇ ಮೂರನೇ ನಂಬರ್. ಐಡಿ ಗಂಡುಹೆಸರಿನದು, ಮೈಕ್ ಮ್ಯೂಟ್. ಒಮ್ಮೆ ಆನ್ ಮಾಡಿದ್ದಳು; ಆಗ ಕೇಳಿಸಿಕೊಂಡದ್ದು ಇಲ್ಲಿ ಬರೆಯುವಂಥದ್ದಲ್ಲ. ಆಟದ ಗೀಳು ಗಂಡುಹುಡುಗರಲ್ಲಿ ಹೆಚ್ಚು, ಖಿನ್ನತೆ ಹೆಣ್ಣುಮಕ್ಕಳಲ್ಲಿ ಹೆಚ್ಚು ಎಂದು ಅಧ್ಯಯನಗಳು ಹೇಳುತ್ತಲೇ ಬಂದಿವೆ. ಎರಡೂ ಇರುವ ಇವಳು ಯಾರ ಕಣ್ಣಿಗೂ ಬೀಳುವುದಿಲ್ಲ. ಇವಳು ಆಡುತ್ತಾಳೆಂಬುದೇ ಮನೆಯಲ್ಲಿ ಗೊತ್ತಿಲ್ಲ. ಕಸಿಯಲಿಕ್ಕೂ ಯಾರಿಲ್ಲ, ಕರೆದೊಯ್ಯಲಿಕ್ಕೂ ಯಾರಿಲ್ಲ. ವಾರ್ಡನ್ ಮೇಡಂ ಅವರನ್ನು ಕೇಳಿ ನೋಡಿ:

‘ಅಯ್ಯೋ, ಆ ಹುಡುಗೀನಾ? ತುಂಬಾ ಸೈಲೆಂಟು. ಏನೂ ತಂಟೆ ಇಲ್ಲ.’