ಮೂಲೆಯ ಕೂಲಿ

ನಮ್ಮ ತಿಪಟೂರು ಸೀಮೆಯಲ್ಲಿ ಬಟ್ಟೆ ಚೀಲಕ್ಕೆ ಪರೀಕ್ಷೆ ಇಡುವುದು ತೆಂಗಿನಕಾಯಿ. ನಾಲ್ಕು ಕಾಯಿ ಹಾಕಿ ಎತ್ತಿದರೆ ಭಾರವೆಲ್ಲ ತಳಕ್ಕೆ ಜಗ್ಗುತ್ತದೆ, ಮೊದಲು ಬಿಚ್ಚಿಕೊಳ್ಳುವುದು ಮೂಲೆ.

2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದ ಮೇಲೆ ಅಮ್ಮನ ಮಿಷನ್‌ಗೆ ರವಿಕೆಗಳ ಜತೆ ಚೀಲಗಳೂ ಬಂದವು. ಮೂಲೆ ಬಂದಾಗ ಅಮ್ಮ ಸೂಜಿಯನ್ನು ಬಟ್ಟೆಯೊಳಗೇ ನಿಲ್ಲಿಸಿ, ಫುಟ್ ಎತ್ತಿ, ಬಟ್ಟೆ ತಿರುಗಿಸಿ, ಮತ್ತೆ ಫುಟ್ ಇಳಿಸುತ್ತಾಳೆ. ಅಲ್ಲಿ ಎರಡು ಸಲ ಹೊಲಿಗೆ. ಹೊರಗುಳಿದ ತುದಿಯನ್ನು ಓರೆಯಾಗಿ ಕತ್ತರಿಸುತ್ತಾಳೆ, ಚೀಲ ಮಗುಚಿದಾಗ ಮೂಲೆ ಗಂಟಾಗಬಾರದಲ್ಲ. ಎಲೆಅಡಿಕೆ ಸಂಚಿಯ ದುಂಡು ತಳವಾದರೆ ಇನ್ನೂ ತಾಳ್ಮೆ ಬೇಕು. ಹೊಲಿಗೆಗೆ ತಾಗದಂತೆ ಅಂಚಿನುದ್ದಕ್ಕೂ ಸಣ್ಣ ಸಣ್ಣ ಕಚ್ಚು ಹಾಕಬೇಕು. ಇಲ್ಲದಿದ್ದರೆ ಒಳಗಿನ ಬಟ್ಟೆ ಮುದ್ದೆಯಾಗಿ ತಳ ಸುಕ್ಕುಗಟ್ಟುತ್ತದೆ.

ಪತ್ರಿಕೋದ್ಯಮ ಓದಿದ ಚಾಳಿ, ಒಂದು ದಿನ ಮೊಬೈಲ್‌ನಲ್ಲಿ ಸಮಯ ನೋಡುತ್ತಾ ಕೂತೆ. ಉದ್ದದ ನೇರ ಹೊಲಿಗೆಗಳಿಗಿಂತ ಎರಡು ಮೂಲೆಗೇ ಹೆಚ್ಚು ಹೊತ್ತು ಹಿಡಿಯಿತು. ಕೂಲಿ ಮಾತ್ರ ಚೀಲದ ಲೆಕ್ಕ. ನೋಡಿದವರು ಇದನ್ನು ಅಚ್ಚುಕಟ್ಟುತನ ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಇದು ಬಿಟ್ಟಿ ದುಡಿಮೆ.

‘ಇಷ್ಟು ನಾಜೂಕು ಯಾಕಮ್ಮಾ, ಬೇಗ ಬೇಗ ಮುಗಿಸು’ ಎಂದರು ಚೀಲ ಹೊಲಿಸುವ ಅಂಗಡಿಯವರು.

‘ದಾರೀಲಿ ಕಾಯಿ ಉರುಳಿದ್ರೆ ಜನ ಬೈಯೋದು ಹೊಲಿದವಳನ್ನ ತಾನೆ’ ಎಂದಳು ಅಮ್ಮ.

ರೇಟು ಏರಲಿಲ್ಲ. ಅಮ್ಮ ಎರಡನೇ ಹೊಲಿಗೆ ಬಿಡಲಿಲ್ಲ, ಒಪ್ಪಿಕೊಳ್ಳುವ ಚೀಲಗಳನ್ನು ಕಡಿಮೆ ಮಾಡಿದಳು.